ತುಂಬಿಕೊಳ್ಳುವ ಹೊತ್ತು

ನನ್ನ ಹೆಂಡತಿಗೆ ಧ್ಯಾನ ಸಿದ್ಧಿಸಿದೆ ಎಂದು ಹಳೇಬೀಡಿನಲ್ಲಿ ಸುದ್ದಿಯಾದ ದಿನ ನಾನು ಅರಸೀಕೆರೆಯ ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲ ತೂಗಿಸುತ್ತಾ ನಿಂತಿದ್ದೆ. ಸುದ್ದಿ ಮುಟ್ಟಿಸಿದವಳು ಅವಳ ತಂಗಿ, ಹಳೇಬೀಡಿನಿಂದಲೇ, ಫೋನಿನಲ್ಲಿ. "ಭಾವ, ಇನ್ಮೇಲೆ ಅಕ್ಕನ್ನ ಬೈಬೇಡಿ. ಅವಳೀಗ ಮೊದಲಿನಂಗಿಲ್ಲ," ಅಂದಳು. ನಾನು ಬೈಯುವವನು ಎಂಬುದು ಅವರ ತವರಿನಲ್ಲಿ ನಮ್ಮ ಮದುವೆಯ ವರ್ಷವೇ ಇತ್ಯರ್ಥವಾದ ಸಂಗತಿ. ಬೈಯುತ್ತೇನೆ, ಸುಳ್ಳಲ್ಲ. ಬಸ್ಸು ತಡವಾದರೆ ಬಸ್ಸನ್ನು, ಕಾಫಿ ತಡವಾದರೆ ಕಾಫಿಯನ್ನು, ಹಮಾಲಿ ಬೀಡಿ ಹಚ್ಚಲು ನಿಂತರೆ ಅವನನ್ನು. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಫೋನನ್ನು ಜೇಬಿಗಿಟ್ಟು, ತಕ್ಕಡಿಯ ಕಡೆ ತಿರುಗಿ, ನಿಂತಿದ್ದವರ ಮೇಲೆ ಒಂದು ಸಲ ರೇಗಿದೆ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಹೆಂಡತಿ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆ ಬಿಚ್ಚಿ, ಒಳಗಿರುವ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು ಕೂರುತ್ತಾಳೆ. ಕಪ್ಪಗೆ ನುಣುಪಾಗಿರುವ ಅದರ ಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ಬೀಳುತ್ತದೆ. ಆ ಚುಕ್ಕಿಯನ್ನು ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂರಬೇಕು. ಕೈಯನ್ನು ಎಷ್ಟೇ ಗಟ್ಟಿಯಾಗಿ ಹಿಡಿದರೂ ನಾಡಿ ಬಡಿದ ಹಾಗೆಲ್ಲ ಚುಕ್ಕಿ ಸಣ್ಣಗೆ ಅದುರುತ್ತದೆ. ಕೂತು ನೋಡಿದವರಿಗೆಲ್ಲ ಇದು ಗೊತ್ತು. ನಾನೂ ಕೂರುತ್ತೇನೆ, ಆದರೆ ನನ್ನ ಪೂಜೆ ಬೇಗ ಮುಗಿಯುತ್ತದೆ.

ಆ ಸುದ್ದಿಗೂ ಮುಂಚೆ ಒಂದು ಬೆಳಿಗ್ಗೆ ಅವಳು ಪೂಜೆಯಿಂದ ಎದ್ದು ಅಡುಗೆಮನೆಗೆ ಬಂದಾಗ ಮುಖ ತೊಳೆದಿಟ್ಟ ಹಾಗಿತ್ತು, ಕಣ್ಣಲ್ಲಿ ನೀರು. "ಇವತ್ತು ಬೆಳಕು ನಿಂತೋಯ್ತು ಕಣ್ರೀ," ಅಂದಳು. ಏನು, ದೀಪ ಆರಿತಾ ಎಂದು ಕೇಳಿದೆ. "ದೀಪ ಅಲ್ಲ. ಲಿಂಗದ ಮೇಲಿನ ಚುಕ್ಕಿ. ಅದುರ್ತಾ ಅದುರ್ತಾ ಇತ್ತು, ಇದ್ದಕ್ಕಿದ್ದಂಗೆ ಅಲ್ಲಾಡದಂಗೆ ನಿಂತ್ಕೊಳ್ತು. ನನ್ನೊಳಗೂ ಏನೂ ಇರ್ಲಿಲ್ಲ. ಎಲ್ಲಾ ಶಾಂತ. ಆಮೇಲೆ ಒಂದೇ ಸಲ ದೊಡ್ಡದಾಗಿ ಕುಪ್ಪಳಿಸ್ತು." ಉಪ್ಪಿಟ್ಟು ತಣ್ಣಗಾಗುತ್ತಿದೆ ಎಂದು ನಾನು ಹೇಳಿದೆ. ಅವಳು ನಕ್ಕಳು. ಬಡಿಸುವಾಗಲೂ ನಗುತ್ತಲೇ ಇದ್ದಳು.

ಆಮೇಲೆ ಅದು ಆಗಾಗ ಆಗತೊಡಗಿತು. ಅವಳು ತಂಗಿಗೆ ಹೇಳಿದಳು, ತಂಗಿ ಊರಿಗೆ ಹೇಳಿದಳು. ಹಗರೆಯಿಂದ ಅವರ ಸೋದರತ್ತೆಯ ಕಡೆಯವರು ಬಂದು ಇವಳ ಕಾಲಿಗೆ ನಮಸ್ಕಾರ ಮಾಡಿ ಬಾಳೆಹಣ್ಣು ಕೊಟ್ಟು ಹೋದರು. ಉಪ್ಪು ಜಾಸ್ತಿ ಹಾಕಿದ್ದಕ್ಕೆ ಹಿಂದಿನ ದಿನವಷ್ಟೇ ನನ್ನಿಂದ ಬೈಸಿಕೊಂಡಿದ್ದ ಹೆಂಗಸಿನ ಕಾಲಿಗೆ ನನ್ನ ಕಣ್ಣೆದುರೇ ಜನ ಬೀಳುತ್ತಿದ್ದರೆ ನನಗೆ ಹೇಗಾಗಿರಬೇಡ. ಗೇಲಿ ಮಾಡಿದೆ. ಮನೆಯಲ್ಲೇ ಮಠ ಇಟ್ಟುಬಿಡೋಣ, ನಾನು ಹುಂಡಿ ಕಾಯುತ್ತೇನೆ ಅಂದೆ. ಆದರೆ ಅದೇ ದಿನಗಳಲ್ಲಿ ಅವಳಿಗೆ ಅಟ್ಟದ ಏಣಿ ಹತ್ತಿದರೆ ಏದುಸಿರು ಬರುತ್ತಿತ್ತು. ಸಂಜೆಯಾದರೆ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಒತ್ತಿದ ಗುರುತು ಹಾಗೇ ಉಳಿಯುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆವು. ಇದನ್ನೂ ಪೂಜೆಯಲ್ಲಿ ಆಗುತ್ತಿದ್ದುದನ್ನೂ ಸೇರಿಸಿ ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಬೇಲೂರಿನ ದಾರಿಯಲ್ಲಿ ಅವರ ತವರಿನವರು ನಡೆದುಕೊಳ್ಳುವ ಒಂದು ಚಿಕ್ಕ ಮಠವಿದೆ. ಅಲ್ಲಿನ ಸ್ವಾಮಿಗಳಿಗೆ ಇದನ್ನು ಅರಿಕೆ ಮಾಡಿಕೊಳ್ಳಬೇಕೆಂದು ಅವಳು ಹಟ ಹಿಡಿದಳು. ಹೋದೆವು. ಮಠದ ಮೆಟ್ಟಿಲು ಹೆಚ್ಚೇನಿಲ್ಲ, ಆದರೂ ಅರ್ಧದಲ್ಲಿ ಅವಳು ಗೋಡೆ ಹಿಡಿದು ನಿಂತಳು. ಸ್ವಾಮಿಗಳು ಮೇಲಿನ ಜಗಲಿಯಲ್ಲಿ ಕೂತು ಅದನ್ನು ನೋಡುತ್ತಿದ್ದರು. ಅವಳು ಕಾಲಿಗೆರಗಿ, "ಬುದ್ಧಿ, ನಂಗೆ ಪೂಜೆಲಿ ಎಲ್ಲಾ ನಿಂತೋಗುತ್ತೆ," ಎಂದು ಶುರುಮಾಡಿ ಕೊನೆಯವರೆಗೂ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಮೆಲ್ಲಗೆ, "ನಿಂತಿದ್ದು ಮನಸ್ಸಾದ್ರೆ ಸಂತೋಷ ತಾಯಿ. ಎದೆ ಆದ್ರೆ ಡಾಕ್ಟ್ರಿಗೆ ತೋರಿಸ್ಬೇಕು. ಮೊದ್ಲು ಅದ್ಯಾವ್ದು ಅಂತ ನೋಡ್ಕೊಂಡ್ ಬನ್ನಿ," ಅಂದರು.

ವಾಪಸು ಬರುವಾಗ ಅವಳು ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ನನಗೆ ಗೇಲಿ ಮಾಡುವ ಆಸೆಯಾಗಲಿಲ್ಲ. ಅವಳು ಅಳುತ್ತಿದ್ದಾಳೆಂದು ಬೆನ್ನು ನೋಡಿಯೇ ತಿಳಿಯುತ್ತಿತ್ತು.

ಹಾಸನದಲ್ಲಿ ಹೃದಯದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದು ಕೈಯಲ್ಲಿ ಇವಳ ಮುಂಗೈ ಹಿಡಿದು ಇನ್ನೊಂದು ಕೈಯಿಂದ ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಎದೆಯಲ್ಲಿ ಕೇಳಿಸುವ ಬಡಿತವೆಲ್ಲ ಕೈಗೆ ಬಂದು ಮುಟ್ಟುತ್ತಿಲ್ಲ, ಬರುವುದಕ್ಕೂ ತಾಳವಿಲ್ಲ ಎಂದು ಹೇಳಿ ಇಸಿಜಿ ತೆಗೆಸಿದರು. ಆಮೇಲೆ ಎಕೋ ಮಾಡುವ ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ನರ್ಸು, ಕೊರಳಲ್ಲಿರುವುದನ್ನೆಲ್ಲ ತೆಗೆದಿಡಿ ಅಂದಳು. ಹೆಂಡತಿ ಸರ ತೆಗೆದಳು. ಕರಡಿಗೆ ತೆಗೆಯಲಾರೆ ಅಂದಳು. ಯಂತ್ರದ ಮೂತಿ ಇಡಬೇಕಾದ ಜಾಗದಲ್ಲೇ ಅದು ತೂಗುತ್ತಿತ್ತು. ನನಗೆ ರೇಗಿತು. "ಒಂದು ಗಳಿಗೆ ತೆಗೆದ್ರೆ ಶಿವ ಏನ್ ಓಡಿಹೋಗ್ತಾನಾ," ಅಂದೆ. "ನಾ ಹುಟ್ಟಿದ ಮೇಲೆ ಕಟ್ಟಿದ್ದು, ಹೋಗೋವಾಗ್ಲೂ ಜೊತೆಗೆ ಬರೋದು. ತೆಗೆಯಲ್ಲ," ಅಂದಳು. ಡಾಕ್ಟರು ನನ್ನ ಕಡೆ ನೋಡದೆ ಅವಳಿಗೇ ಹೇಳಿದರು: "ತೆಗೀಬೇಡಿ ಅಮ್ಮ, ಕೈಲಿ ಹಿಡ್ಕೊಳ್ಳಿ." ಎಡಮಗ್ಗುಲಿಗೆ ಮಲಗಿ ಎಡಗೈ ಮೇಲೆತ್ತಿ ದಿಂಬಿನ ಮೇಲೆ ಇಡಬೇಕಂತೆ. ಅವಳು ಕರಡಿಗೆಯನ್ನು ಎಡ ಅಂಗೈಯಲ್ಲಿ ಮುಚ್ಚಿಕೊಂಡು ಹಾಗೇ ಮಲಗಿದಳು.

ಆಮೇಲೆ ಪರದೆಯ ಮೇಲೆ ನಾನು ಕಂಡದ್ದನ್ನು ಹೇಗೆ ಹೇಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ವರ್ಷ ಜೊತೆಗೆ ಬದುಕಿದವಳ ಒಳಗು ನನ್ನೆದುರು ತೆರೆದುಕೊಂಡಿತ್ತು. ನಾಲ್ಕು ಕೋಣೆ. ಯಂತ್ರ ತಲೆಕೆಳಗಾಗಿ ತೋರಿಸುತ್ತದಂತೆ, ಪರದೆಯಲ್ಲಿ ಕೆಳಗಿರುವುದೇ ಹೃದಯದ ಮೇಲಿನ ಕೋಣೆ ಎಂದು ಡಾಕ್ಟರು ಹೇಳಿದರು. ಮೇಲಿನ ಎರಡು ಕೋಣೆಗಳು ಬಡಿಯುತ್ತಲೇ ಇರಲಿಲ್ಲ. ಲಾರಿ ಹೋದಾಗ ಕೊಡದೊಳಗಿನ ನೀರು ನಡುಗುತ್ತದಲ್ಲ, ಹಾಗೆ ಬರೀ ನಡುಗುತ್ತಿದ್ದವು. ಕೆಳಗಿನ ದೊಡ್ಡ ಕೋಣೆ ಮಾತ್ರ ಬಿಗಿದು ಸಡಿಲಾಗಿ, ಬಿಗಿದು ಸಡಿಲಾಗಿ, ಒಂದೊಂದು ಸಲ ಒಂದೊಂದು ಥರ ಒದ್ದಾಡುತ್ತಿತ್ತು. ನಡುವೆ ತೆಳ್ಳನೆಯ ಎರಡು ಎಸಳಿನ ಕದ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಡಾಕ್ಟರು ಏನೋ ಒತ್ತಿದಾಗ ಹರಿಯುವ ರಕ್ತ ಕೆಂಪಾಗಿ ಕಂಡಿತು, ಅದರ ಸದ್ದೂ ಕೇಳಿಸಿತು. ನಾನು ಮಂಚದ ಕಂಬಿ ಹಿಡಿದುಕೊಂಡೆ.

"ಹೃದಯದ ಕೆಲಸ ಅಂದ್ರೆ ಹಿಂಡೋದು ಅಂತ ಎಲ್ಲರೂ ಅಂದ್ಕೊಳ್ತಾರೆ," ಎಂದು ಅವರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ಸಡಿಲ ಆಗೋದೂ ಕೆಲಸಾನೇ. ಅದಕ್ಕೂ ಶಕ್ತಿ ಬೇಕು. ಸಡಿಲ ಆದಾಗ ಅದು ರಕ್ತಾನ ತಾನೇ ಒಳಕ್ಕೆಳ್ಕೊಳುತ್ತೆ. ಸರಿಯಾಗಿದ್ದಾಗ ಮೇಲಿನ ಕೋಣೆ ಕೊನೇಲಿ ಒಂದ್ಸಲ ಒತ್ತಿ ಇನ್ನೊಂದು ಬೊಗಸೆ ತುಂಬಿಸುತ್ತೆ. ಅಮ್ಮಂದು ಒತ್ತುತ್ತಿಲ್ಲ, ನಡುಗುತ್ತಿದೆ ಅಷ್ಟೇ. ಅದಕ್ಕೇ ಸಿಕ್ಕಿದ ಹೊತ್ತಲ್ಲಿ ಎಷ್ಟು ಬಂದು ಬೀಳುತ್ತೋ ಅಷ್ಟೇ."

ಅವಸರದ ಬಡಿತಗಳನ್ನು ತೋರಿಸಿದರು. ಕೋಣೆ ಅರ್ಧ ಸಡಿಲಾಗುವಷ್ಟರಲ್ಲೇ ಮತ್ತೆ ಬಿಗಿಯುತ್ತಿತ್ತು. ಒಳಗೆ ಏನೂ ತುಂಬಿರುತ್ತಿರಲಿಲ್ಲ. ಅಂಥ ಬಡಿತ ಎದೆಯಲ್ಲಿ ಕೇಳಿಸಿದರೂ ಕೈಯವರೆಗೆ ಬಾರದು. ಇನ್ನೂ ಎಷ್ಟು ಹೊತ್ತು ಮೇಡಂ ಎಂದು ಕೇಳಿದೆ. ಒಂದು ಬಡಿತ ನೋಡಿ ಹೇಳಲಾಗುವುದಿಲ್ಲ, ಸುಮಾರು ನೋಡಬೇಕು, ಉದ್ದದ ಬಿಡುವು ಬರಲಿ ಎಂದರು. ಪರದೆ ನೋಡುತ್ತಾ ಕಾದೆವು. ಅವಳ ಉಸಿರು ಕೇಳಿಸುತ್ತಿತ್ತು.

ಬಂತು. ಕೋಣೆ ಸಡಿಲಾಯಿತು, ಇನ್ನೂ ಸಡಿಲಾಯಿತು, ಬಿಗಿಯಲಿಲ್ಲ. ಕದ ತೆರೆದೇ ಇತ್ತು. ಕೆಂಪು ಬಣ್ಣ ಒಳಗೆ ಇಳಿಯಿತು, ಇಳಿದು ಮೂಲೆ ಮೂಲೆಗೆ ಹರಡಿತು. ಯಾವುದಕ್ಕೂ ಆತುರವಿಲ್ಲ. ಇನ್ನು ಬಡಿಯುವುದೇ ಇಲ್ಲವೇನೋ ಅಂದುಕೊಂಡೆ. ಆಗ ಇಡೀ ಕೋಣೆ ಒಟ್ಟಿಗೆ ಎದ್ದು ಬಿಗಿಯಿತು. ಅಂಥ ಬಡಿತವನ್ನು ಆ ಹೊತ್ತಿನವರೆಗೆ ನಾನು ಪರದೆಯಲ್ಲಿ ಕಂಡಿರಲಿಲ್ಲ. ದಿಂಬಿನ ಮೇಲೆ ಅವಳ ಮುಷ್ಟಿ ಸಣ್ಣಗೆ ಜಗ್ಗಿದ್ದು ನನಗೆ ಕಾಣಿಸಿತು. ನನಗೆ ಕೈ ಮುಗಿಯಬೇಕೆನ್ನಿಸಿತು, ಡಾಕ್ಟರ ಎದುರು ನಾಚಿಕೆಯಾಗಿ ಸುಮ್ಮನಾದೆ.

"ನಿಮ್ಮ ಎದೆ ನಿಲ್ತಾ ಇರ್ಲಿಲ್ಲ ಅಮ್ಮ," ಅಂದರು ಡಾಕ್ಟರು. "ತುಂಬಿಕೊಳ್ತಾ ಇತ್ತು. ಹೃದಯ ತನ್ನ ಊಟ ಮಾಡೋದೂ ಹೆಚ್ಚಾಗಿ ಆ ಬಿಡುವಲ್ಲೇ, ಅದರದ್ದೇ ರಕ್ತನಾಳಗಳಿಗೆ ರಕ್ತ ಹರಿಯೋದು ಆವಾಗ."

ಅವಳು ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದಳು. "ಹಂಗಾರೆ ನಾ ಕಂಡಿದ್ದು ಸುಳ್ಳಾ?" ಎಂದು ಕೇಳಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ, ನನ್ನ ಕಡೆ ನೋಡಿದರು. ನಾನು ಅವಳು ತೆಗೆದಿಟ್ಟಿದ್ದ ಸರವನ್ನು ಎತ್ತಿಕೊಂಡೆ.

ಹೊರಗೆ ಕೂರಿಸಿ ವಿಷಯ ಬಿಡಿಸಿ ಹೇಳಿದರು. ತುಂಬಾ ದಿನದಿಂದ ತಾಳ ತಪ್ಪಿ ಓಡಿ ಓಡಿ ಹೃದಯ ದಣಿದಿದೆ, ಬಲ ಕುಗ್ಗಿದೆ. ಬಿಡುವು ಕೊಟ್ಟರೆ ಚೇತರಿಸಿಕೊಳ್ಳಬಹುದು, ಕೊಡದಿದ್ದರೆ ಇಲ್ಲ. ನಡುಗುವ ಕೋಣೆಯಲ್ಲಿ ರಕ್ತ ನಿಂತು ಗಡ್ಡೆ ಕಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ತಾಳ ಸರಿಹೋಗದಿದ್ದರೂ ನಾಡಿ ನಿಧಾನ ಮಾಡುವ ಒಂದು ಮಾತ್ರೆ, ಗಡ್ಡೆ ಕಟ್ಟದಿರಲು ಇನ್ನೊಂದು, ಕಾಲಿನ ಊತಕ್ಕೆ ಮತ್ತೊಂದು. ಒಂದು ದಿನವೂ ತಪ್ಪಿಸಬಾರದು.

ಮನೆಗೆ ಬಂದು ಅವಳು ಮಾತ್ರೆಗಳನ್ನು ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿಟ್ಟಳು. ಊತದ ಮಾತ್ರೆ ನುಂಗಿದಳು, ಮಿಕ್ಕಿದ್ದು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಬೈದೆ. ಗೋಗರೆದೆ. ಮತ್ತೆ ಬೈದೆ. ಕೊನೆಗೆ ಅವಳು ಹೇಳಿದಳು: "ಅದು ತಗೊಂಡ್ರೆ ನಾಡಿ ಸಮ ಆಗುತ್ತೆ. ಆಮೇಲೆ ನಂಗೆ ಅದು ಬರಲ್ಲ. ಮದುವೆ ಆಗಿ ಬಂದಾಗಿಂದ ಈ ಮನೇಲಿ ನನ್ನದು ಅಂತ ಬಂದಿದ್ದು ಅದೊಂದೇ ಕಣ್ರೀ." ಈ ಮಾತು ನನ್ನ ಎದೆಗೆ ನೇರವಾಗಿ ತಗುಲಿತು. ಅವಳು ಸಾಯಬಹುದು ಎಂಬ ಭಯದ ಜೊತೆಗೆ, ಸತ್ತರೂ ಪರವಾಗಿಲ್ಲ ಎಂದು ಅವಳಿಗೆ ಅನ್ನಿಸುವಂಥದ್ದು ಒಂದಿದೆ, ಅದರಲ್ಲಿ ನಾನಿಲ್ಲ ಎಂಬ ಭಯವೂ ಸೇರಿಕೊಂಡಿತು.

ಅವತ್ತು ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ನಮ್ಮ ಬೀದಿಗೆ ನೀರು ಬರುವುದೇ ಅಪರೂಪ, ಬಂದರೂ ದಾರದಷ್ಟು. ಕೊಡ ಇಟ್ಟು ಪಕ್ಕದಲ್ಲಿ ನಿಂತಿದ್ದ ಅವಳ ಹತ್ತಿರ ಹೋದೆ. ಅರ್ಧ ತುಂಬಿದ ಕೊಡವನ್ನು ಎಳೆದು ಪಕ್ಕಕ್ಕಿಟ್ಟೆ. "ಏನ್ರೀ ಇದು, ಇನ್ನೂ ತುಂಬಿಲ್ಲ," ಅಂದಳು. "ನಿನ್ನ ಎದೆ ಮಾಡ್ತಿರೋದು ಇದನ್ನೇ ಕಣೇ. ಯಾರೋ ಅರ್ಧಕ್ಕೇ ಎಳೀತಾವ್ರೆ. ಆ ಮಾತ್ರೆ ಎಳೆಯೋರ ಕೈ ಹಿಡಿಯುತ್ತೆ ಅಷ್ಟೇ. ತಾಳ ಸರಿ ಮಾಡೋದು ಅದಲ್ಲ. ಬಿಡುವು ಹೋಗಲ್ಲ, ಇನ್ನೂ ಜಾಸ್ತಿ ಬತ್ತದೆ. ಡಾಕ್ಟ್ರು ಹೇಳಿದ್ದು ಅದನ್ನೇ." ನನಗೆ ತಿಳಿದಷ್ಟನ್ನು ಹೇಳಿದ್ದೆ, ಸುಳ್ಳು ಬೆರೆಸಿರಲಿಲ್ಲ. ಅವಳು ಕೊಡವನ್ನು ಮತ್ತೆ ನಲ್ಲಿಯ ಕೆಳಗಿಟ್ಟಳು. ತುಂಬುವವರೆಗೆ ಇಬ್ಬರೂ ನಿಂತೆವು. ಒಳಗೆ ಹೋಗಿ ಮಾತ್ರೆ ನುಂಗಿದಳು.

ವಾರಗಳು ಕಳೆದವು. ಊತ ಇಳಿಯಿತು. ಏಣಿಯನ್ನು ಎರಡು ಸಲ ನಿಲ್ಲದೆ ಹತ್ತಿ ನನಗೆ ತೋರಿಸಿದಳು. ಆದರೆ ಪೂಜೆಯಿಂದ ಎದ್ದು ಬರುವಾಗ ಮುಖದಲ್ಲಿ ಮೊದಲಿನ ಆ ಬೆಳಕು ಇರಲಿಲ್ಲ. "ಬರುತ್ತಾ?" ಎಂದು ಒಂದು ದಿನ ಕೇಳಿದೆ. "ಬತ್ತದೆ. ನಿಲ್ತದೆ, ಮತ್ತೆ ಹೊಡ್ಕೊಳುತ್ತೆ. ಈಗೇನು, ಗೊತ್ತಲ್ಲ, ತುಂಬಿಕೊಳ್ತಾ ಐತೆ ಅಂತ," ಎಂದು ಹೇಳಿ ತೆಂಗಿನಕಾಯಿ ತುರಿಯಲು ಕೂತಳು. ಅವಳು ಬದುಕಿದ್ದಾಳೆ ಎಂಬ ಸಂತೋಷದಲ್ಲಿ ನಾನು ಇದನ್ನು ಮರೆಯಲು ನೋಡಿದೆ. ಆಗಲಿಲ್ಲ.

ಎರಡನೇ ಸಲ ಎಕೋ ಮಾಡಿದಾಗ ಡಾಕ್ಟರು ನಕ್ಕರು. ತಾಳ ಇನ್ನೂ ತಪ್ಪಿಯೇ ಇತ್ತು, ಮೇಲಿನ ಕೋಣೆಗಳು ಹಾಗೇ ನಡುಗುತ್ತಿದ್ದವು. ಆದರೆ ಕೆಳಗಿನ ಕೋಣೆಗೆ ಈಗ ಪುರುಸೊತ್ತು ಸಿಕ್ಕಿತ್ತು. ಪ್ರತಿ ಬಡಿತದ ನಡುವೆಯೂ ಸಡಿಲಾಗಿ, ಹೆಚ್ಚೋ ಕಡಿಮೆಯೋ ತುಂಬಿಕೊಂಡೇ ಬಿಗಿಯುತ್ತಿತ್ತು. ಬಲ ಬಂದಿದೆ, ಮಾತ್ರೆ ಬಿಡಬೇಡಿ ಅಂದರು. ಮೇಲಿನ ಕೋಣೆ ನಡುಗುತ್ತಲೇ ಇದ್ದರೂ, ತನಗೆ ಬರಬೇಕಾದ ಆ ಕೊನೆಯ ಬೊಗಸೆ ಇಲ್ಲದೆಯೇ ಹೃದಯ ಸಿಕ್ಕ ಬಿಡುವಿನಲ್ಲಿ ಸಂಸಾರ ತೂಗಿಸಲು ಕಲಿತಿತ್ತು.

ಹಾಸನದಿಂದ ಸೀದಾ ಮನೆಗೆ ಹೋಗದೆ ಹಗರೆಯಲ್ಲಿ ಬಸ್ಸು ಬದಲಾಯಿಸಿ ಹಳೇಬೀಡಿಗೆ ಹೋದೆವು. ನಾದಿನಿ ಒಬ್ಬಟ್ಟು ಮಾಡಿ ಕಾಯುತ್ತಿದ್ದಳು. ಅಕ್ಕನ ಎದೆ ಸುಧಾರಿಸಿದೆ ಎಂದು ಕೇಳಿ ಕೈ ಮುಗಿದಳು. ಊಟ ಬಡಿಸುತ್ತಾ, ಕಪಟವಿಲ್ಲದೆ, "ಹಂಗಾರೆ ಧ್ಯಾನ ಹೋಯ್ತಾ ಅಕ್ಕ? ಅದು ಬರೀ ಕಾಯಿಲೆನಾ?" ಎಂದು ಕೇಳಿದಳು. ಹೆಂಡತಿ ಒಬ್ಬಟ್ಟನ್ನು ಮುರಿದಿದ್ದಳು, ತಿನ್ನಲಿಲ್ಲ. ಕೈ ತೊಳೆದು, ಸ್ವಲ್ಪ ಗಾಳಿಗೆ ಹೋಗಿ ಬತ್ತೀನಿ ಎಂದು ಹೊರಟಳು. ನಾದಿನಿ ತಪ್ಪು ಮಾಡಿದವಳಂತೆ ನನ್ನ ಮುಖ ನೋಡಿದಳು. ಇಲ್ಲ ಬಿಡು ಎಂದು ಹೇಳಿ ನಾನೂ ಎದ್ದೆ.

ಕೆರೆಯ ಏರಿಯ ಮೇಲೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ದೇವಸ್ಥಾನ ನೋಡಲು ಬಂದ ಬಸ್ಸಿನವರು ರಸ್ತೆಯಲ್ಲಿ ನಿಂತು ಎಳನೀರು ಕುಡಿಯುತ್ತಿದ್ದರು. ಪಕ್ಕದಲ್ಲಿ ಕೂತೆ. ಏನು ಹೇಳಬೇಕೋ ತಿಳಿಯದೆ ಅವಳ ಮುಂಗೈ ಹಿಡಿದೆ. ಜನರೆದುರು ನಾನು ಅವಳ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅದೇ ಮೊದಲು. ಅವಳು ಆಚೀಚೆ ನೋಡಿದಳು, ಕೈ ಎಳೆದುಕೊಳ್ಳಲಿಲ್ಲ.

ಡಾಕ್ಟರು ಹಿಡಿದ ಜಾಗದಲ್ಲೇ ಬೆರಳಿಟ್ಟೆ. ಸಣ್ಣದೊಂದು ಬಡಿತ, ಅದರ ಹಿಂದೆಯೇ ಇನ್ನೊಂದು ಸಣ್ಣದು, ಆಮೇಲೆ ಸ್ವಲ್ಪ ತಡೆದು ಒಂದು. ಆಮೇಲೆ ಏನೂ ಇಲ್ಲ. ಈಗ ಒಳಗೆ ಕೋಣೆ ಸಡಿಲಾಗುತ್ತಿದೆ, ಕದ ತೆರೆದಿದೆ, ರಕ್ತ ಇಳಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಕಣ್ಣಾರೆ ಕಂಡವನು ನಾನು. ಗೊತ್ತಿದ್ದೂ ಬೆರಳಿನ ಕೆಳಗೆ ಏನೂ ಇರಲಿಲ್ಲ. ಮಾರುಕಟ್ಟೆ, ಬಸ್ಸಿನ ಹೊತ್ತು, ರಸ್ತೆಯಲ್ಲಿದ್ದವರ ಗಲಾಟೆ, ಎಲ್ಲವೂ ನನ್ನಿಂದ ಬಿಟ್ಟುಹೋಯಿತು. ಅವಳಿಲ್ಲದ ಮನೆ ಒಂದು ಗಳಿಗೆ ಕಣ್ಣೆದುರು ಬಂದು ನಿಂತಿತು. ಆಗ ಬಂತು, ತುಂಬಿಕೊಂಡು ಬಂದು ಬೆರಳನ್ನು ಒತ್ತಿತು. ನನ್ನ ಕಣ್ಣಲ್ಲಿ ನೀರಾಡಿತು.

"ಸುಳ್ಳಲ್ಲ ಕಣೇ," ಅಂದೆ.

"ಯಾವ್ದು?"

"ನೀ ಕಂಡಿದ್ದು. ಈಗ ನಂಗೂ ಎಲ್ಲಾ ನಿಂತೋಗಿತ್ತು."

ಅವಳು ನನ್ನ ಮುಖವನ್ನೇ ನೋಡಿದಳು. "ಹೆದ್ರಿಕೊಂಡ್ರಾ?"

"ಹೂಂ."

"ನಾನೂ ಹೆದ್ರಿದ್ದೆ ಮೊದಲ್ನೇ ದಿನ. ಹೋಗೇಬಿಟ್ಟೆ ಅಂದ್ಕೊಂಡೆ. ಯಾರಿಗೂ ಹೇಳಿಲ್ಲ ಅದನ್ನ." ಕೆರೆಯ ನೀರಿನ ಕಡೆ ತಿರುಗಿ, ತನಗೇ ಹೇಳಿಕೊಳ್ಳುವಂತೆ ಅಂದಳು: "ಈಗ ಗೊತ್ತಾಯ್ತು ಕಣ್ರೀ. ನಿಂತಿದ್ದಕ್ಕಲ್ಲ ನಾನು ಅವತ್ತು ಅತ್ತಿದ್ದು. ಮತ್ತೆ ಬಂತಲ್ಲ, ಅದಕ್ಕೆ."